ಹಾರುವ ವೈದ್ಯರ ಸಂಗ್ರಹಾಲಯ

ಆಸ್ಟ್ರೇಲಿಯಾ ಖಂಡದ ನಡುನೆತ್ತಿಯ ಬರಡು ನೆಲದಲ್ಲಿರುವ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವಿಮಾನದ ಮೂಲಕ ನಡೆದ ವೈದ್ಯಸೇವೆಯ ಇತಿಹಾಸವನ್ನು ತೋರುವ ಸಂಗ್ರಹಾಲಯವೊಂದುಂಟು. 1939ರಲ್ಲಿ ಆರಂಭವಾದ ರೇಡಿಯೋ ಕೇಂದ್ರವೇ ಅದರ ನೆಲೆ. ಒಳಹೊಕ್ಕವರ ಕಣ್ಣು ಸಹಜವಾಗಿಯೇ ವಿಮಾನದ ಪ್ರತಿಕೃತಿಯತ್ತ ಹರಿಯುತ್ತದೆ. ಆದರೆ ನಿಂತು ನೋಡಬೇಕಾದ ವಸ್ತು ಬೇರೆ: ಸೈಕಲ್ಲಿನಂತೆ ಕಾಲಿನಿಂದ ತುಳಿಯುವ ಹಳೆಯ ರೇಡಿಯೋ ಯಂತ್ರ.

ಅದರ ಬೆಲೆ ತಿಳಿಯಬೇಕಾದರೆ 1917ರ ಒಂದು ಮರಣವನ್ನು ಸ್ಮರಿಸಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ದನಗಾಹಿ ಜಿಮ್ಮಿ ಡಾರ್ಸಿ ಕುದುರೆಯೊಂದಿಗೆ ಬಿದ್ದು ತೀವ್ರವಾಗಿ ಗಾಯಗೊಂಡನು. ಅವನನ್ನು ಹೊತ್ತುತಂದ ಹಾಲ್ಸ್ ಕ್ರೀಕ್ ಎಂಬ ಊರಿನಲ್ಲಿ ವೈದ್ಯರಿರಲಿಲ್ಲ. ಇದ್ದುದು ಅಂಚೆಮನೆ ಮತ್ತು ತಂತಿ. ದೂರದ ಪರ್ತ್ ನಗರದಿಂದ ಡಾಕ್ಟರ್ ಹಾಲೆಂಡರು ತಂತಿಯಲ್ಲಿ ಹೇಳಿದಂತೆ ಪೋಸ್ಟ್‌ಮಾಸ್ಟರ್ ಟಕೆಟ್ ತನ್ನ ಜೇಬಿನ ಚಾಕುವಿನಿಂದಲೇ ಶಸ್ತ್ರಚಿಕಿತ್ಸೆ ನಡೆಸಿದನು! ವೈದ್ಯರು ಹಡಗು, ಮೋಟಾರು, ಬಂಡಿಗಳನ್ನು ಹಿಡಿದು ಬಂದು ಮುಟ್ಟುವ ಹಿಂದಿನ ದಿನವೇ ಡಾರ್ಸಿ ತೀರಿಕೊಂಡಿದ್ದನು.

ಒಳನಾಡಿನಲ್ಲಿ ಸೇವಾನಿರತರಾಗಿದ್ದ ಪಾದ್ರಿ ಜಾನ್ ಫ್ಲಿನ್ ಇಂಥ ಸಂಕಟಗಳನ್ನು ಬಲ್ಲವರು. ಅದೇ ವರ್ಷ ಕ್ಲಿಫರ್ಡ್ ಪೀಲ್ ಎಂಬ ತರುಣ ವೈಮಾನಿಕನು, ವೈದ್ಯರು ವಿಮಾನದಲ್ಲಿ ಹೋಗಬಹುದೆಂದು ಅವರಿಗೆ ಪತ್ರ ಬರೆದನು. 1918ರಲ್ಲಿ ಫ್ರಾನ್ಸಿನ ಯುದ್ಧದಲ್ಲಿ ಮಡಿದ ಪೀಲನಿಗೆ ತನ್ನ ಪತ್ರದ ಫಲವನ್ನು ಕಾಣುವ ಯೋಗವಿರಲಿಲ್ಲ. 1928ರ ಮೇ 17ರಂದು ಕ್ಲಾಂಕರಿಯಿಂದ ಜೂಲಿಯಾ ಕ್ರೀಕಿಗೆ ಡಾಕ್ಟರ್ ವೆಲ್ಚ್ ಅವರನ್ನು ಕೂರಿಸಿಕೊಂಡು ಮೊದಲ ವಿಮಾನ ಏರಿತು.

ವಿಮಾನವೇನೋ ಸಿದ್ಧವಾಯಿತು; ಅದನ್ನು ಕರೆಯುವ ಬಗೆ ಹೇಗೆ? ನೂರಾರು ಮೈಲಿಗಳಾಚೆಯ ಒಂಟಿಮನೆಗೆ ತಂತಿಯಿಲ್ಲ, ವಿದ್ಯುತ್ತಿಲ್ಲ. ಆಲ್ಫ್ರೆಡ್ ಟ್ರೇಗರ್ ಎಂಬ ಯಂತ್ರಜ್ಞನು 1929ರಲ್ಲಿ ಬಳಕೆಗೆ ತಂದ ರೇಡಿಯೋದಲ್ಲಿ ಕಾಲ್ತುಳಿತವೇ ವಿದ್ಯುತ್ತನ್ನು ಹುಟ್ಟಿಸುತ್ತಿತ್ತು. ಮೊದಲು ಮೋರ್ಸ್ ಸಂಕೇತ ಬಲ್ಲವರಿಗಷ್ಟೇ ಅದು ಒದಗುತ್ತಿತ್ತು. ಮನೆಯ ಹೆಣ್ಣುಮಕ್ಕಳು ಆ ಚುಕ್ಕೆ-ಗೆರೆಗಳನ್ನು ಎಂದು ಕಲಿಯಬೇಕು? ಅಕ್ಷರದ ಗುಂಡಿಯನ್ನು ಒತ್ತಿದರೆ ಸಂಕೇತ ತಾನೇ ಹೊರಡುವಂತೆ ಟ್ರೇಗರ್ ಕೀಲಿಮಣೆಯೊಂದನ್ನೂ ರಚಿಸಿದನು. ಜಾಣ್ಮೆಗಿಂತ ಕರುಣೆಯೇ ಇಲ್ಲಿ ಹೆಚ್ಚೆಂದು ತೋರುತ್ತದೆ. ಮುಂದೆ ಮಾತೇ ನೇರವಾಗಿ ಸಾಗುವಂತಾಯಿತು.

ಮನೆಮನೆಗೆ ಕೊಟ್ಟ ಔಷಧದ ಪೆಟ್ಟಿಗೆಯದೂ ಇದೇ ಧರ್ಮ. ಔಷಧಗಳಿಗೆ ಸಂಖ್ಯೆಗಳಿದ್ದುವು. ವೈದ್ಯರು ರೇಡಿಯೋದಲ್ಲಿ ಸಂಖ್ಯೆ ಹೇಳಿದರೆ ಸಾಕು. ಬಾಯಿಗೆ ಹೊರಳದ ಹೆಸರುಗಳನ್ನು ತಪ್ಪಾಗಿ ಕೇಳುವ ಭಯವಿಲ್ಲ.

ಅಡಿಲೇಡ್ ಮೀಥ್ಕೆ ಎಂಬ ಶಿಕ್ಷಣತಜ್ಞೆಯ ದೃಷ್ಟಿ ಇದೇ ರೇಡಿಯೋದ ಮೇಲೆ ಬಿದ್ದಿತು. ಶಾಲೆಯನ್ನೇ ಕಾಣದ ಒಂಟಿಮನೆಗಳ ಮಕ್ಕಳಿಗೂ ಅದು ಏಕೆ ಒದಗಬಾರದು? 1951ರಲ್ಲಿ ಆಲಿಸ್ ಸ್ಪ್ರಿಂಗ್ಸಿನ ವೈದ್ಯಸೇವೆಯ ನೆಲೆಯಿಂದಲೇ ಆಕಾಶಶಾಲೆ ಆರಂಭವಾಯಿತು. ಒಬ್ಬರ ಮುಖವನ್ನೊಬ್ಬರು ಕಾಣದ ಮಕ್ಕಳು ಗುರುಗಳ ದನಿಗೆ ತಮ್ಮ ತಮ್ಮ ಮನೆಗಳಿಂದಲೇ ಓಗೊಟ್ಟರು.