ಬಿಟ್ಟು ಬಿಟ್ಟು ದುಡಿದವರಿಗೂ ಪಿಂಚಣಿ ಉಂಟು

ಬೀದರ, ಕಲಬುರಗಿ, ರಾಯಚೂರು ಕಡೆಗಳಿಂದ ಹೈದರಾಬಾದಿಗೆ ದುಡಿಯಲು ಬಂದ ನಮ್ಮ ಬಂಧುಗಳಲ್ಲಿ ಒಂದೇ ಕಾರ್ಖಾನೆಯಲ್ಲಿ ಕೊನೆಯವರೆಗೆ ಉಳಿದವರು ವಿರಳ. ಕೆಲವು ವರ್ಷ ಸನತ್‌ನಗರದಲ್ಲಿ, ಬಳಿಕ ಹೊಲದ ಕೆಲಸಕ್ಕೋ ಮನೆಯವರ ಕಾಯಿಲೆಗೋ ಊರಿನಲ್ಲಿ, ಮತ್ತೆ ಬಂದು ಜೀಡಿಮೆಟ್ಲದಲ್ಲಿ. “ನಡುವೆ ಬಿಟ್ಟೆವು, ಇನ್ನು ನಮಗೆಲ್ಲಿಯ ಪಿಂಚಣಿ?” ಎಂಬ ಮಾತನ್ನು ವಾಚನಾಲಯದಲ್ಲಿ ನಾವು ಆಗಾಗ ಕೇಳುತ್ತೇವೆ. ಈ ತಿಳಿವಳಿಕೆ ತಪ್ಪು. ನಡುವಿನ ಬಿಡುವಿನಿಂದ ಪಿಂಚಣಿ ಕೆಡುವುದಿಲ್ಲ; ಬಿಟ್ಟಾಗಲೆಲ್ಲ ಪಿಂಚಣಿಯ ಹಣವನ್ನು ಹಿಂದಕ್ಕೆ ಪಡೆಯುವುದರಿಂದ ಕೆಡುತ್ತದೆ.

ಕಾರ್ಮಿಕರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ನಮ್ಮ ಸಂಬಳದಲ್ಲಿ ಹಿಡಿಯುವ ಹಣವೆಲ್ಲ ಭವಿಷ್ಯ ನಿಧಿಗೆ ಹೋಗುತ್ತದೆ. ಮಾಲೀಕರು ಕಟ್ಟುವ ಪಾಲಿನಲ್ಲಿ ಶೇಕಡಾ 8.33ರಷ್ಟು ಪಿಂಚಣಿ ನಿಧಿಗೆ ಸೇರುತ್ತದೆ. ಆದಕಾರಣ ಇವು ಎರಡು ಬೇರೆ ಬೇರೆ ಖಾತೆಗಳೆಂದು ಮೊದಲು ತಿಳಿಯಬೇಕು.

ತಿಂಗಳ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಅದು ಒಂದೇ ಕಡೆ, ಒಂದೇ ಸಮನೆ ಆಗಿರಬೇಕೆಂದಿಲ್ಲ. ಬಿಡಿ ಬಿಡಿ ಸೇವೆಗಳನ್ನು ಕೂಡಿಸುತ್ತಾರೆ. ಹಣ ಕಟ್ಟದ ಅವಧಿಯನ್ನು ಮಾತ್ರ ಬಿಡುತ್ತಾರೆ. ಕೂಡಿಸಿದ ಮೇಲೆ ಕೊನೆಗೆ ಆರು ತಿಂಗಳು ಅಥವಾ ಹೆಚ್ಚು ಉಳಿದರೆ ಅದು ಪೂರ್ತಿ ಒಂದು ವರ್ಷ. ಒಂಬತ್ತೂವರೆ ವರ್ಷ ದುಡಿದವರೂ ಹತ್ತರ ಲೆಕ್ಕಕ್ಕೆ ಬರುತ್ತಾರೆ.

ಒಂದು ಲೆಕ್ಕ ನೋಡೋಣ. ಒಬ್ಬರು 4 ವರ್ಷ ದುಡಿದು, ಒಂದೂವರೆ ವರ್ಷ ಊರಲ್ಲಿದ್ದು, ಮರಳಿ ಬಂದು 7 ವರ್ಷ ದುಡಿದರು. ಸೇವೆ 11 ವರ್ಷ. ಕೊನೆಯ 60 ತಿಂಗಳ ಸರಾಸರಿ ಸಂಬಳ 14,000 ರೂಪಾಯಿ ಎಂದಿಟ್ಟುಕೊಳ್ಳಿ. ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು: 14,000 × 11 ÷ 70 = 2,200. ವಯಸ್ಸು 58 ತುಂಬಿದ ಮೇಲೆ ತಿಂಗಳಿಗೆ 2,200 ರೂಪಾಯಿ. ಅವರ ಕಾಲಾನಂತರ ಹೆಂಡತಿಗೆ ಅದರ ಅರ್ಧ.

ಮೊದಲ ಸಲ ಬಿಟ್ಟಾಗಲೇ ಅವರು ಪಿಂಚಣಿಯ ಹಣ ಪಡೆದಿದ್ದರೆ? ಕೈಗೆ ಬರುತ್ತಿದ್ದುದು ಅಂದಿನ ಸಂಬಳದ ಹೆಚ್ಚುಕಡಿಮೆ ನಾಲ್ಕು ತಿಂಗಳಷ್ಟು ಮಾತ್ರ. ಆ 4 ವರ್ಷ ಅಳಿಸಿಹೋಗಿ 7 ಉಳಿಯುತ್ತಿತ್ತು. ಏಳಕ್ಕೆ ತಿಂಗಳ ಪಿಂಚಣಿ ಇಲ್ಲ.

ಹೀಗಿರುವಾಗ ಮಾಡಬೇಕಾದದ್ದೇನು?

1. ಕೆಲಸ ಬಿಟ್ಟಾಗ ಅಡಚಣೆಯಿದ್ದರೆ ಭವಿಷ್ಯ ನಿಧಿಯ ಹಣಕ್ಕೆ ಅರ್ಜಿ ಹಾಕಿ. ಪಿಂಚಣಿಯ ಹಣ ಮುಟ್ಟಬೇಡಿ. 10-ಸಿ ನಮೂನೆಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದು ನಿಮ್ಮ ಸೇವೆಯ ಸಾಕ್ಷಿಪತ್ರ.

2. ಹೊಸ ಕಡೆ ಸೇರುವಾಗ ಹಳೆಯ ಯು.ಎ.ಎನ್. ಸಂಖ್ಯೆಯನ್ನೇ ಕೊಡಿ. ಎರಡು ಸಂಖ್ಯೆ ಆಗಿಬಿಟ್ಟಿದ್ದರೆ ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ.

3. ಬಿಟ್ಟ ತಾರೀಖು ದಾಖಲಾಗಿದೆಯೇ ನೋಡಿ. ಆಫೀಸಿನವರು ಹಾಕದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರೇ ಆನ್‌ಲೈನಿನಲ್ಲಿ ಹಾಕಬಹುದು.

4. ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ಬಂದ ಕಂತಿನ ಜೊತೆಗೆ ಮಾಲೀಕರಿಂದ ಬರಬೇಕಾದ ಕಂತಿನ ಸೇವೆಯೂ ಲೆಕ್ಕಕ್ಕೆ ಸೇರಬೇಕೆಂದು ಯೋಜನೆಯಲ್ಲೇ ಇದೆ. ಮಾಲೀಕರು ಕಟ್ಟದೆ ಬಿಟ್ಟಿದ್ದರೆ ಆ ಚೀಟಿಯೇ ನಿಮ್ಮ ಆಧಾರ. ಬರ್ಕತ್‌ಪುರದ ಭವಿಷ್ಯ ನಿಧಿ ಕಛೇರಿಗೆ ಅದರೊಡನೆ ಲಿಖಿತ ದೂರು ಕೊಡಿ.

5. ಹತ್ತು ವರ್ಷ ತುಂಬಿದವರು 50ರ ನಂತರವೇ ಪಿಂಚಣಿ ಕೇಳಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೂ ವರ್ಷಕ್ಕೆ ಶೇಕಡಾ 4ರಂತೆ ಇಳಿಯುತ್ತದೆ. ಕೈಲಾದವರು ಕಾಯುವುದು ಲೇಸು. ಅರ್ಜಿಗೆ 10-ಡಿ ನಮೂನೆ.

ಮುಪ್ಪಿನಲ್ಲಿ ಊರು ಸೇರುವವರೂ ಚಿಂತಿಸಬೇಕಿಲ್ಲ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಈ ಪಿಂಚಣಿ ಪಡೆಯುವ ಏರ್ಪಾಡು ಆಗಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದನ್ನು ಮಾತ್ರ ಮರೆಯಬಾರದು.

ಹಣ ಈಗಾಗಲೇ ಪಡೆದವರ ಆ ವರ್ಷಗಳು ಹೋದಂತೆಯೇ. ಅಂಥವರು ಉಳಿದ ವರ್ಷಗಳನ್ನಾದರೂ ಕಾಪಾಡಿಕೊಳ್ಳಲಿ. ಎಲ್ಲರೂ ಒಮ್ಮೆ ತಮ್ಮ ಪಾಸ್‌ಬುಕ್ ತೆಗೆಸಿ, ಪೆನ್ಸಿಲ್ ಹಿಡಿದು ವರ್ಷಗಳನ್ನು ಕೂಡಿಸಿ ನೋಡಬೇಕೆಂದು ಕೋರುತ್ತೇವೆ.