ಬಾವಿ ನೀರಿಗೆ ಥಿನ್ನರಿನ ವಾಸನೆ ಬಂದರೆ



"ನೀರಿಗೆ ಥಿನ್ನರಿನ ವಾಸನೆ ಬಂದರೆ ಕುದಿಸಿ ಕುಡಿದರೆ ಸಾಕಲ್ವಾ?" ಸಂಘದ ಸಭೆಗಳಲ್ಲಿ ಈ ಪ್ರಶ್ನೆ ಬರುವುದುಂಟು. ಸಾಲದು. ಕುದಿಸಿದರೆ ಭೇದಿ ತರುವ ರೋಗಾಣು ಸಾಯುತ್ತದೆ. ಆದರೆ ಥಿನ್ನರ್, ಪೆಟ್ರೋಲ್, ಯಂತ್ರದ ಗ್ರೀಸ್ ತೊಳೆಯುವ ದ್ರವ ಇವೆಲ್ಲ ದ್ರಾವಕಗಳು. ಇವಕ್ಕೆ ಜೀವ ಇಲ್ಲ, ಸಾಯಲಿಕ್ಕೆ. ಬಿಸಿಯಾದಾಗ ಆವಿಯಾಗಿ ಅಡಿಗೆಮನೆಯ ಗಾಳಿ ಸೇರುತ್ತವೆ, ನಾವೇ ಉಸಿರಾಡುತ್ತೇವೆ. ಉಳಿದದ್ದು ಪಾತ್ರೆಯಲ್ಲೇ ಇರುತ್ತದೆ.

ಕಾಟಿಪಳ್ಳದ ಬಾವಿಗಳಲ್ಲೆಲ್ಲ ವಿಷ ಉಂಟು ಎಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಊರು ಎಲ್ಲಿದೆ ನೋಡಿ. ನವಮಂಗಳೂರು ಬಂದರಿಗಾಗಿ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳಿಗೆ ಇಲ್ಲಿ ಬ್ಲಾಕು ಮಾಡಿ ಜಾಗ ಕೊಟ್ಟರು. ಬಂದರು, ಬೈಕಂಪಾಡಿ ಕೈಗಾರಿಕಾ ಪ್ರದೇಶ, ತೈಲ ಶುದ್ಧೀಕರಣ ಘಟಕ ಎಲ್ಲವೂ ಹತ್ತಿರ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 43 ಕೈಗಾರಿಕಾ ಕ್ಷೇತ್ರಗಳನ್ನು ತೀವ್ರ ಮಲಿನವೆಂದು ಪಟ್ಟಿ ಮಾಡಿತು. 70 ಅಂಕ ದಾಟಿದರೆ ತೀವ್ರ, ಮಂಗಳೂರಿಗೆ 73.68 ಸಿಕ್ಕಿತು. ಕರ್ನಾಟಕದಿಂದ ಪಟ್ಟಿಯಲ್ಲಿದ್ದ ಇನ್ನೊಂದು ಊರು ಭದ್ರಾವತಿ. ಒಮ್ಮೆ ಜಾಗ ಬಿಟ್ಟು ಬಂದವರು ಬಾವಿಯನ್ನೂ ಬಿಟ್ಟುಕೊಡಬೇಕಾಗಿ ಬರಬಾರದಷ್ಟೆ.

ದ್ರಾವಕ ನೆಲದೊಳಗೆ ಹೇಗೆ ಹೋಗುತ್ತದೆ? ಒಂದು ಲೋಟ ನೀರಿಗೆ ತೆಂಗಿನೆಣ್ಣೆ ಹಾಕಿ, ತೇಲುತ್ತದೆ. ಇನ್ನೊಂದಕ್ಕೆ ಜೋನಿಬೆಲ್ಲ ಹಾಕಿ, ತಳಕ್ಕೆ ಹೋಗುತ್ತದೆ. ಪೆಟ್ರೋಲ್, ಡೀಸೆಲ್ ಎಣ್ಣೆಯ ಹಾಗೆ. ಲೋಹದ ಗ್ರೀಸ್ ತೆಗೆಯುವ ಟ್ರೈಕ್ಲೋರೋಎಥಿಲೀನ್ ಜೋನಿಬೆಲ್ಲದ ಹಾಗೆ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನಮ್ಮದು ತೂತು ತೂತಾದ ಮುರಕಲ್ಲಿನ ನೆಲ, ಮೇಲೆ ಚೆಲ್ಲಿದ್ದು ಮಳೆಯ ಜೊತೆ ಬೇಗ ಇಳಿಯುತ್ತದೆ. ಈ ಭಾರದ ದ್ರವ ಅಂತರ್ಜಲವನ್ನೂ ದಾಟಿ, ಕೆಳಗಿನ ಜೇಡಿಮಣ್ಣಿನ ಅಥವಾ ಬಂಡೆಯ ಮೇಲೆ ನಿಂತು, ಅಲ್ಲಿಂದ ಹತ್ತಾರು ವರ್ಷ ಸ್ವಲ್ಪ ಸ್ವಲ್ಪವೇ ಕರಗುತ್ತಾ ಇರುತ್ತದೆ.

ಅಮೆರಿಕದಲ್ಲಿ ಕುಡಿಯುವ ನೀರಿಗೆ ಇದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಲೆಕ್ಕ ಹಾಕಿ: ಒಂದು ಟೀ ಚಮಚ ದ್ರವ ಸುಮಾರು 14 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತರುತ್ತದೆ. ಒಂದು ಬಾವಿಯಲ್ಲಿ 10 ಸಾವಿರ ಲೀಟರ್ ಎಂದರೆ 140 ಬಾವಿ! ಅಷ್ಟು ಕಡಿಮೆ ಇದ್ದಾಗ ಮೂಗಿಗೆ ಗೊತ್ತಾಗುವುದೇ ಇಲ್ಲ. ಇದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು 2012ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿತು.

ಅದೇ ಅಮೆರಿಕದ ವೋಬರ್ನ್ ಎಂಬ ಊರಿನಲ್ಲಿ ಆನ್ ಆಂಡರ್ಸನ್ ಎಂಬ ತಾಯಿಯ ಮಗನಿಗೆ ರಕ್ತದ ಕ್ಯಾನ್ಸರ್ ಬಂತು. ನೆರೆಕರೆಯ ಮಕ್ಕಳಿಗೂ ಅದೇ ಕಾಯಿಲೆ. ನೀರಿನಲ್ಲೇ ಏನೋ ಉಂಟು ಎಂದು ಅವರು ಹೇಳುತ್ತಾ ಬಂದರೂ ಯಾರೂ ಕಿವಿಗೊಡಲಿಲ್ಲ. 1979ರಲ್ಲಿ ಪರೀಕ್ಷಿಸಿದಾಗ ಊರಿನ ಒಂದು ಕೊಳವೆಬಾವಿಯಲ್ಲಿ ಲೀಟರಿಗೆ 267 ಮೈಕ್ರೋಗ್ರಾಂ ಸಿಕ್ಕಿತು. ಬಾವಿ ಮುಚ್ಚಿದರು. ನೆಲ ತೊಳೆಯುವ ಕೆಲಸ 40 ವರ್ಷ ಕಳೆದರೂ ಮುಗಿದಿಲ್ಲ.

ತೊಳೆಯುವುದು ಹೇಗೆ? ನೀರು ಮೇಲೆತ್ತಿ ಎತ್ತರದ ಗೋಪುರದಿಂದ ಬೀಳಿಸಿ, ಕೆಳಗಿನಿಂದ ಗಾಳಿ ಊದಿ, ಹೊರಟ ಆವಿಯನ್ನು ಇದ್ದಿಲಿನಲ್ಲಿ ಹಿಡಿಯುತ್ತಾರೆ. ಮಣ್ಣಿನೊಳಗಿನ ಆವಿಯನ್ನು ಪೈಪ್ ಹಾಕಿ ಎಳೆಯುತ್ತಾರೆ. ಕಬ್ಬಿಣದ ಪುಡಿಯ ಗೋಡೆಯನ್ನು ನೆಲದಡಿ ಕಟ್ಟಿ, ನೀರು ಅದರ ಮೂಲಕ ಹರಿಯುವಂತೆ ಮಾಡುತ್ತಾರೆ. ನಮಗೆ ಆಶ್ಚರ್ಯವಾದದ್ದು ಇನ್ನೊಂದು ಉಪಾಯ: ಕಬ್ಬಿನ ಕಾಕಂಬಿಯನ್ನು ನೆಲಕ್ಕೆ ಇಳಿಸಿ, ಅಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವುಗಳಿಂದಲೇ ವಿಷವನ್ನು ಒಡೆಸುವುದು. ಕೆಲಸ ಅರ್ಧಕ್ಕೆ ನಿಂತರೆ ವಿನೈಲ್ ಕ್ಲೋರೈಡ್ ಎಂಬ ಇನ್ನೂ ಕೆಟ್ಟ ವಿಷ ಉಳಿಯುತ್ತದೆ, ಹಾಗಾಗಿ ವರ್ಷಗಟ್ಟಲೆ ಕಾವಲು ಬೇಕು. ಇದೆಲ್ಲ ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ.

ನಮ್ಮ ಕೈಯಲ್ಲಿ ಆಗುವುದೂ ಉಂಟು. ಗುಜರಿಯಿಂದ ಕಡಿಮೆ ಬೆಲೆಗೆ ಬರುವ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಗೊತ್ತಿಲ್ಲದಿದ್ದರೆ ನೀರು ತುಂಬಬೇಡಿ. ಬಾವಿಕಟ್ಟೆಯ ಹತ್ತಿರ ಅದನ್ನು ತೊಳೆಯಲೂಬೇಡಿ. ಮನೆಯವರು ಗ್ಯಾರೇಜ್, ಪೈಂಟಿಂಗ್ ಕೆಲಸದಲ್ಲಿದ್ದರೆ ಉಳಿದ ಥಿನ್ನರನ್ನು ತೆಂಗಿನ ಬುಡಕ್ಕೆ ಸುರಿಯುವ ಅಭ್ಯಾಸ ನಿಲ್ಲಿಸಿ.

ಫಿಲ್ಟರ್ ಮಾರುವವರು ತರುವ ಟಿಡಿಎಸ್ ಮೀಟರಿಗೆ ದ್ರಾವಕ ಕಾಣುವುದಿಲ್ಲ, ಅದು ಉಪ್ಪಿನ ಅಂಶ ಮಾತ್ರ ತೋರಿಸುತ್ತದೆ. ಸಂಶಯ ಇದ್ದರೆ ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ 'ಆವಿಯಾಗುವ ಸಾವಯವ ರಾಸಾಯನಿಕಗಳ ಪರೀಕ್ಷೆ' ಎಂದೇ ಕೇಳಿ. ಬಾಟಲಿ ಅವರೇ ಕೊಡಲಿ. ಗಾಜಿನದ್ದಾಗಿರಬೇಕು, ಒಂದು ಗುಳ್ಳೆಯೂ ಇಲ್ಲದಂತೆ ಕಂಠಪೂರ್ತಿ ತುಂಬಿಸಿ ತಂಪಾಗಿ ಒಯ್ಯಬೇಕು. ಖರ್ಚು ಉಂಟು, ನಾಲ್ಕೈದು ಮನೆ ಸೇರಿದರೆ ಹಗುರ. ಫಲಿತಾಂಶ ಬರುವ ತನಕ ಆ ನೀರು ಕುಡಿಯಲಿಕ್ಕೆ, ಅಡಿಗೆಗೆ ಬೇಡ.

2025ರ ಜುಲೈಯಲ್ಲಿ ಕೇಂದ್ರ ಸರಕಾರ ಮಲಿನಗೊಂಡ ಸ್ಥಳಗಳಿಗೆಂದೇ ನಿಯಮ ತಂದಿದೆ. ಸಂಶಯದ ಜಾಗವನ್ನು ಜಿಲ್ಲಾಡಳಿತ ವರದಿ ಮಾಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ತಪಾಸಣೆ ಮಾಡಬೇಕು, ಕೆಡಿಸಿದವರೇ ಶುದ್ಧೀಕರಣದ ಖರ್ಚು ಕೊಡಬೇಕು. ಆದುದರಿಂದ ಬಾಯಿಮಾತಿನ ದೂರು ಸಾಲದು. ಯಾವ ಬ್ಲಾಕು, ಯಾವ ತಿಂಗಳಿನಿಂದ, ಮಳೆಗೆ ಮೊದಲೋ ನಂತರವೋ, ನೀರಿನ ಮೇಲೆ ಪಸೆ ಉಂಟೋ ಇಲ್ಲವೋ ಎಲ್ಲ ಬರೆದು, ಪರೀಕ್ಷೆಯ ವರದಿ ಲಗತ್ತಿಸಿ, ಸಂಘದ ಹೆಸರಿನಲ್ಲಿ ಜಿಲ್ಲಾಧಿಕಾರಿ ಕಚೇರಿಗೂ ಮಂಡಳಿಗೂ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡ ಪ್ರತಿಯನ್ನು ನಿರ್ಣಯ ಪುಸ್ತಕದಲ್ಲಿ ಅಂಟಿಸಿ ಇಡಿ. 90 ದಿನ ಎಣಿಸಲಿಕ್ಕೆ ಆ ತಾರೀಕು ಬೇಕಾಗುತ್ತದೆ.