ನಲವತ್ತು ಕುದುರೆಯ ಪದ್ಮಿನಿ, ಕನಕಪುರ ರಸ್ತೆಯ ಆಸೆ

ಪ್ರಶ್ನೆ: ನಮ್ಮ ತಂದೆ 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಜಯನಗರದ ಮನೆಯಲ್ಲಿ ಇನ್ನೂ ಇದೆ. ತಗಡು ಗಟ್ಟಿಯಾಗಿದೆ, ಎಂಜಿನ್ ಮಾತ್ರ ಸೋತಿದೆ. ವಾರದಲ್ಲಿ ಎರಡು ಮೂರು ದಿನ ಓಡಿಸಬೇಕು, ಈಗಿನ ಕಾರುಗಳ ನಡುವೆ ಹಿಂದೆ ಬೀಳಬಾರದು, ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಚುರುಕಾಗಿ ಹೋಗಬೇಕು ಎಂಬ ಆಸೆ. ಒಬ್ಬ ಮೆಕ್ಯಾನಿಕ್ ಜಿಪ್ಸಿ ಎಂಜಿನ್ ಕೂರಿಸೋಣ ಎನ್ನುತ್ತಾರೆ, ಇನ್ನೊಬ್ಬರು 118 ಎನ್‌ಇ ಎನ್ನುತ್ತಾರೆ, ಸ್ನೇಹಿತರು ಹೋಂಡಾ ಸಿಟಿಯ ವಿಟೆಕ್ ಎನ್ನುತ್ತಾರೆ. ಯಾವುದು ಸರಿ? ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಕೂಡ ಬದಲಿಸಬೇಕೆ?

ಉತ್ತರ: ಕಾಯಿಸದೆ ಹೇಳುತ್ತೇನೆ. ಇರುವ ಎಂಜಿನ್ನನ್ನೇ ಬಿಚ್ಚಿಸಿ, ಹೆಡ್ ಕೆಲಸ ಚೆನ್ನಾಗಿ ಮಾಡಿಸಿ, ಅದೇ ಗೇರ್‌ಬಾಕ್ಸ್ ಮತ್ತು ಅದೇ ಆಕ್ಸಲ್ಲನ್ನು ಹೊಸದರಂತೆ ಮಾಡಿಸಿಕೊಳ್ಳಿ. ಬೇರೆ ಎಂಜಿನ್ನಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲ ಪಾಲು ಬ್ರೇಕಿಗೆ, ಎರಡನೆಯದು ತಂಪಿಗೆ ಹೋಗಲಿ. ನಿಮ್ಮ ಆಸೆಯನ್ನು ಸಣ್ಣದು ಮಾಡಲು ಹೀಗೆ ಹೇಳುತ್ತಿಲ್ಲ. ಆ ಆಸೆ ಈಡೇರುವ ಹತ್ತಿರದ ದಾರಿ ಇದೇ ಎಂದು ನಂಬಿದ್ದೇನೆ.

ನಿಮ್ಮ ಕಾರು ಓಡುವ ಜಾಗವನ್ನು ಒಮ್ಮೆ ನೆನೆಯಿರಿ. ಸೌತ್ ಎಂಡ್ ಸರ್ಕಲ್ಲಿನಿಂದ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್, ಅಲ್ಲಿಂದ ಬನಶಂಕರಿ, ರಾಗಿಗುಡ್ಡದಿಂದ ಬಿಟಿಎಂ ದಾಟಿ ಸಿಲ್ಕ್ ಬೋರ್ಡ್. ಇಲ್ಲಿ ಚುರುಕು ಎಂದರೆ 120 ಕಿಲೋಮೀಟರ್ ವೇಗವಲ್ಲ. ಸಿಗ್ನಲ್ ಬಿಟ್ಟಾಗ ಎರಡನೇ ಗೇರಿನಲ್ಲಿ ಉಸಿರು ಕಟ್ಟದೆ ಎಳೆಯುವುದು, ಮೂರನೇ ಗೇರಿನಲ್ಲಿ 25ರಿಂದ 60ಕ್ಕೆ ಜಗ್ಗದೆ ಏರುವುದು. ನಮ್ಮ ಮೆಕ್ಯಾನಿಕ್ಕರು ಪಿಕಪ್ ಎನ್ನುವುದು ಇದನ್ನೇ. ಕನಕಪುರ ರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೊರಟರೂ 80ರಲ್ಲಿ ನೆಮ್ಮದಿಯಾಗಿ ಹೋಗಬಲ್ಲ, ಬೇಕಾದಾಗ ನಿಲ್ಲಬಲ್ಲ ಕಾರು ಸಾಕು.

ಇನ್ನು ಎಂಜಿನ್ ಮಾತು. ಪದ್ಮಿನಿಯದು 68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕಿನ 1089 ಸಿಸಿ ಎಂಜಿನ್. ಬ್ಲಾಕ್ ಬೀಡಿನದು, ಹೆಡ್ ಅಲ್ಯೂಮಿನಿಯಂ. ಬೋರಿಗಿಂತ ಸ್ಟ್ರೋಕ್ ಉದ್ದ, ಆದ್ದರಿಂದ ಕಡಿಮೆ ಸುತ್ತಿನಲ್ಲೇ ಎಳೆಯುವ ಸ್ವಭಾವ. ನಮ್ಮಲ್ಲಿ ಇದರ ಶಕ್ತಿ ಸುಮಾರು 40 ಅಶ್ವಶಕ್ತಿ. ಆದರೆ ಇದೇ ಅಳತೆಯ ಎಂಜಿನ್ನಿನಿಂದ ಫಿಯಟ್ ಕಂಪನಿಯೇ 1953ರಲ್ಲಿ ಇಟಲಿಯ 1100 ಟಿವಿ ಮಾದರಿಯಲ್ಲಿ ಸುಮಾರು 50 ಅಶ್ವಶಕ್ತಿ ತೆಗೆದಿತ್ತು. ಕಂಪ್ರೆಶನ್ ಸ್ವಲ್ಪ ಹೆಚ್ಚಿಸಿ, ಎರಡು ಬಾಯಿಯ ವೆಬರ್ ಕಾರ್ಬುರೇಟರ್ ಕೊಟ್ಟು ಪಡೆದ ಶಕ್ತಿ ಅದು. 40ರಿಂದ 50 ಎಂದರೆ ಕಾಲು ಭಾಗ ಹೆಚ್ಚು. ನಿಮ್ಮ ಬಾನೆಟ್ಟಿನ ಕೆಳಗೆ ಆ ಹತ್ತು ಕುದುರೆಗಳು 1978ರಿಂದ ಕಟ್ಟಿಹಾಕಿದಂತೆ ನಿಂತಿವೆ.

ಅವನ್ನು ಬಿಡಿಸುವ ಕೆಲಸ ಹೆಚ್ಚಾಗಿ ಹೆಡ್ಡಿನಲ್ಲಿದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ದಾರಿಗಳಲ್ಲಿ ಎರಕದ ಒರಟುತನ, ಗ್ಯಾಸ್ಕೆಟ್ ಸೇರುವಲ್ಲಿ ಸಣ್ಣ ಮೆಟ್ಟಿಲುಗಳು ಇರುತ್ತವೆ. ಅವನ್ನು ಸಮ ಮಾಡಿಸಿ. ವಾಲ್ವ್ ಸೀಟುಗಳನ್ನು ಗಟ್ಟಿ ಲೋಹದವಕ್ಕೆ ಬದಲಿಸಿ, ಏಕೆಂದರೆ ನಿಮ್ಮ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಆ ಸೀಸವೇ ಸೀಟುಗಳನ್ನು ಸವೆಯದಂತೆ ಕಾಯುತ್ತಿತ್ತು, ಈಗ ಅದಿಲ್ಲ. ಹೆಡ್ ಫೇಸಿಂಗ್ ಮಾಡಿಸುವಾಗ ಸ್ವಲ್ಪ ಹೆಚ್ಚು ತೆಗೆಸಿದರೆ ಕಂಪ್ರೆಶನ್ ಏರುತ್ತದೆ. ಇಂದಿನ ಪೆಟ್ರೋಲಿನ ಆಕ್ಟೇನ್ ಅಂದಿನದಕ್ಕಿಂತ ಹೆಚ್ಚಿರುವುದರಿಂದ ಎಂಜಿನ್ ಅದನ್ನು ತಡೆದುಕೊಳ್ಳುತ್ತದೆ. ಆದರೆ ಹಿಂದೆ ಎಷ್ಟು ಸಲ ಫೇಸಿಂಗ್ ಆಗಿದೆ ಎಂದು ಹೆಡ್ಡಿನ ದಪ್ಪ ಅಳೆದು ನೋಡದೆ ಯಾರಿಗೂ ಒಪ್ಪಿಗೆ ಕೊಡಬೇಡಿ. ಬಾಯ್ಲ್ ಆಗಿ ಹೆಡ್ ಬಾಗಿದ ಪದ್ಮಿನಿಗಳು ಬಹಳ. ಪ್ರತಿ ಸಲವೂ ಒಂದಿಷ್ಟು ಲೋಹ ಹೋಗಿರುತ್ತದೆ. ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ ಕವರ್ ಮೂರನ್ನೂ ಸೇರಿಸಿ ಬ್ಯಾಲೆನ್ಸ್ ಮಾಡಿಸಿ. ಇದಕ್ಕೆ ಖರ್ಚಾಗುವ ಹಣ ಸೀಟಿನಲ್ಲಿ ಕುಳಿತ ಮೊದಲ ದಿನವೇ ಅನುಭವಕ್ಕೆ ಬರುತ್ತದೆ.

ಕಾರ್ಬುರೇಟರ್ ಬಗ್ಗೆ ಬೆಂಗಳೂರಿಗೇ ಸೇರಿದ ಒಂದು ಲೆಕ್ಕವಿದೆ, ನನಗೆ ಬಹಳ ಇಷ್ಟದ್ದು. ನಾವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆ. ಇಲ್ಲಿ ಗಾಳಿಯ ಒತ್ತಡ ಮುಂಬೈ, ಚೆನ್ನೈಗಳಿಗಿಂತ ಹೆಚ್ಚು ಕಡಿಮೆ ಹತ್ತನೇ ಒಂದು ಪಾಲು ಕಮ್ಮಿ. ಹೀಗಾಗಿ ಟರ್ಬೊ ಇಲ್ಲದ ಯಾವ ಎಂಜಿನ್ನೇ ಆದರೂ ಇಲ್ಲಿ ಅಷ್ಟೇ ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಮುಂಬೈನ ಕುರ್ಲಾದಲ್ಲಿ ಹುಟ್ಟಿದ ಕಾರಿನ ಜೆಟ್‌ಗಳು ಇಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲನ್ನು ಹೆಚ್ಚು ಬಿಡುತ್ತವೆ. ಇನ್ನೊಂದು ಕಡೆ, ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಈ ಮಿಶ್ರಣ ತೆಳುವಾಗುತ್ತದೆ. ಎತ್ತರ ಒಂದು ಕಡೆ ಎಳೆದರೆ ಎಥನಾಲ್ ಇನ್ನೊಂದು ಕಡೆ ಎಳೆಯುತ್ತದೆ. ನಿಮ್ಮ ಸೋಲೆಕ್ಸ್ ಕಾರ್ಬುರೇಟರಿನಲ್ಲಿ ಎರಡೂ ಎಲ್ಲಿ ಸಮವಾಗುತ್ತವೆ ಎಂಬುದನ್ನು ಪ್ಲಗ್ಗಿನ ಬಣ್ಣ ನೋಡಿಯೇ ತಿಳಿಯಬೇಕು. ಕಾಫಿ ಪುಡಿಯ ಕಂದು ಬಂದರೆ ಸರಿ, ಸುಣ್ಣದ ಬಿಳುಪಾದರೆ ದೊಡ್ಡ ಜೆಟ್ ಹಾಕಿಸಿ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಆದ್ದರಿಂದ ಪೆಟ್ರೋಲ್ ಪಂಪಿನ ಡಯಾಫ್ರಾಮ್, ಹೋಸ್‌ಗಳು, ಕಾರ್ಬುರೇಟರಿನ ವಾಷರ್‌ಗಳು ಎಲ್ಲವನ್ನೂ ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಮೆಕ್ಯಾನಿಕ್ಕರು ಹೇಳಿದ ಎಂಜಿನ್‌ಗಳು. ಜಿಪ್ಸಿಯ ಸಲಹೆ ಕೊಟ್ಟವರು ಕೆಲಸ ಬಲ್ಲವರೇ. ಎಂಪಿಎಫ್‌ಐ ಜಿಪ್ಸಿಯದು 1298 ಸಿಸಿ, 16 ವಾಲ್ವ್, 80 ಅಶ್ವಶಕ್ತಿ, ಪದ್ಮಿನಿಯ ಎರಡರಷ್ಟು. ಎಂಜಿನ್ ಉದ್ದುದ್ದ ಕೂರುತ್ತದೆ, ಐದು ಗೇರಿನ ಬಾಕ್ಸ್ ಅದರ ಬೆನ್ನಿಗಿದೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಪ್ರತ್ಯೇಕವಾಗಿ ಹಿಂದೆ ನಿಂತಿದೆ. ಅದನ್ನು ಬಿಟ್ಟು ಗೇರ್‌ಬಾಕ್ಸಿನಿಂದ ನೇರವಾಗಿ ಪ್ರೊಪೆಲ್ಲರ್ ಶಾಫ್ಟ್ ಎಳೆಯಬಹುದು. ಹಿಂದಿನ ಚಕ್ರ ಎಳೆಯುವ ಹಳೆಯ ಕಾರುಗಳಿಗೆ ಜಿಪ್ಸಿಯನ್ನು ಹುಡುಕುವುದು ಇದಕ್ಕಾಗಿಯೇ. ತೊಡಕು ಬೇರೆ ಕಡೆ ಇದೆ. ಆ 80 ಕುದುರೆಗಳು ಬರುವುದು 6000 ಸುತ್ತಿನಲ್ಲಿ, ಗರಿಷ್ಠ ಟಾರ್ಕ್ 4500ರಲ್ಲಿ. ಜಯನಗರದ ರಸ್ತೆಯಲ್ಲಿ ನೀವು ಆ ಸುತ್ತುಗಳನ್ನು ಮುಟ್ಟುವುದೇ ಅಪರೂಪ.

118 ಎನ್‌ಇ ಸಲಹೆಯ ಹಿಂದೆ ಕಂಪನಿಯದೇ ಮೇಲ್ಪಂಕ್ತಿ ಇದೆ. ಪ್ರೀಮಿಯರ್ ಕಂಪನಿ 1985ರಲ್ಲಿ ಫಿಯಟ್ 124ರ ದೇಹಕ್ಕೆ ನಿಸಾನ್‌ನ 1171 ಸಿಸಿ ಎ12 ಎಂಜಿನ್ ಇಟ್ಟು ಆ ಕಾರನ್ನು ಕಟ್ಟಿತು. ಹೆಸರಿನ ಎನ್‌ಇ ಎಂದರೆ ನಿಸಾನ್ ಎಂಜಿನ್. ಶಕ್ತಿ 52 ಅಶ್ವಶಕ್ತಿ. ಆಗ ಅವರು ಎಂಜಿನ್ ಒಂದನ್ನೇ ತರಲಿಲ್ಲ, ಗೇರ್‌ಬಾಕ್ಸನ್ನೂ ನಿಸಾನ್‌ನಿಂದಲೇ ತಂದರು. ಕಾಂಟೆಸ್ಸಾದ ಕಥೆಯೂ ಇದೇ. ಹಿಂದುಸ್ತಾನ್ ಮೋಟರ್ಸ್ ಅದನ್ನು ಮೊದಲು ಅಂಬಾಸಿಡರಿನ 1489 ಸಿಸಿ ಎಂಜಿನ್ನಿನೊಂದಿಗೆ ಬಿಟ್ಟಿತು. ಅಷ್ಟು ದೊಡ್ಡ ಕಾರಿಗೆ ಅದು ಸಾಲಲಿಲ್ಲ. ಆಮೇಲೆ ಇಸುಜು 1.8 ಎಂಜಿನ್ ಬಂದಾಗ ಐದು ಗೇರಿನ ಬಾಕ್ಸೂ ಜೊತೆಗೇ ಬಂತು. ಎಂಜಿನ್ ಒಂದು ಕಡೆಯದು, ಗೇರ್‌ಬಾಕ್ಸ್ ಇನ್ನೊಂದು ಕಡೆಯದು ಆದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಹೋಂಡಾ ವಿಟೆಕ್ ಅಡ್ಡಡ್ಡ ಕೂತು ಮುಂದಿನ ಚಕ್ರ ಎಳೆಯುವ ಎಂಜಿನ್. ಅದನ್ನು ಉದ್ದುದ್ದ ತಿರುಗಿಸಿದರೆ ಬೆಲ್ ಹೌಸಿಂಗ್, ಸಂಪ್, ನೀರಿನ ದಾರಿ ಎಲ್ಲವನ್ನೂ ಹೊಸದಾಗಿ ಕೆತ್ತಬೇಕು. ಬಿಟ್ಟುಬಿಡಿ.

ಇದೆಲ್ಲಕ್ಕಿಂತ ಮುಂದೆ ಕಾನೂನು ನಿಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಸಿಎನ್‌ಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಒಪ್ಪಿಗೆ ಪಡೆದ ಕಿಟ್ ಹಾಕಿಸಲು ಅವಕಾಶವಿದೆ. ಪದ್ಮಿನಿಯೊಳಗೆ ಜಿಪ್ಸಿಗೆ ಇಲ್ಲ. ಇಂಥ ಕಾರು ಅಪಘಾತಕ್ಕೆ ಸಿಕ್ಕಿದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ ಎಂಜಿನ್ ನಂಬರ್.

ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. 2021ರ ಜುಲೈನಲ್ಲಿ ಬಂದ ನಿಯಮದಂತೆ, ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರು ವಿಂಟೇಜ್ ಎಂದು ನೋಂದಣಿಯಾಗಬಹುದು; ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ, ಶುಲ್ಕ 20,000 ರೂಪಾಯಿ. ಚಾಸಿಸ್, ದೇಹ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿದ್ದರೆ ಆ ಬಾಗಿಲು ಮುಚ್ಚಿತು. ನಿಮ್ಮ ಕಾರಿಗೆ 2028ರಲ್ಲಿ ಐವತ್ತು ತುಂಬುತ್ತದೆ. ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯ ಓಡಿಸುವಂತಿಲ್ಲವಾದ್ದರಿಂದ ಈಗ ನಿಮಗದು ಬೇಡದಿರಬಹುದು. ಮುಂದೆ ನಿಮ್ಮ ಮಕ್ಕಳಿಗೆ ಬೇಕಾಗಬಹುದು. ಕೆಎ 05 ಬರುವ ಮೊದಲಿನ ಆ ಮೂರಕ್ಷರದ ನಂಬರ್ ಪ್ಲೇಟಿನೊಂದಿಗೆ ಅಪ್ಪನ ಎಂಜಿನ್ನೂ ಅವರಿಗೆ ಸೇರಲಿ.

ಗೇರಿನ ಲೆಕ್ಕಕ್ಕೆ ಬರೋಣ. ನಿಮ್ಮ ಟೈರು ಒಂದು ಸುತ್ತಿಗೆ ಸುಮಾರು 1.88 ಮೀಟರ್ ಉರುಳುತ್ತದೆ, ಹಿಂದಿನ ಕ್ರೌನ್ ಪಿನಿಯನ್ ಅನುಪಾತ 4.3 ಎಂದಿಟ್ಟುಕೊಳ್ಳಿ. ಟಾಪ್ ಗೇರಿನಲ್ಲಿ 60 ಕಿಲೋಮೀಟರ್ ವೇಗಕ್ಕೆ ಎಂಜಿನ್ ಹೆಚ್ಚು ಕಡಿಮೆ 2300 ಸುತ್ತು ತಿರುಗುತ್ತದೆ, 80ಕ್ಕೆ 3050, 100ಕ್ಕೆ 3800. ಉದ್ದ ಸ್ಟ್ರೋಕಿನ ಎಂಜಿನ್ನಿಗೆ 60ರಿಂದ 80ರ ಈ ಹರವು ಒಗ್ಗುತ್ತದೆ. ಐದನೇ ಗೇರ್ ಇದ್ದಿದ್ದರೆ 100ರ ವೇಗದಲ್ಲಿ 3050ಕ್ಕೆ ಇಳಿಯುತ್ತಿತ್ತು, ನಿಜ. ನೈಸ್ ರಸ್ತೆಯಲ್ಲಿ ದಿನವೂ ಮೈಸೂರಿನತ್ತ ಹೋಗುವವರಿಗೆ ಅದು ಬೇಕು. ನಿಮಗೆ ಬೇಕಿಲ್ಲ. ಗೇರ್‌ಬಾಕ್ಸಿನ ಬೇರಿಂಗ್, ಸಿಂಕ್ರೊ ರಿಂಗ್, ಹ್ಯಾಂಡ್ ಗೇರಿನ ಲಿಂಕೇಜಿನ ಬುಷ್‌ಗಳು ಹೊಸದಾದರೆ ಗೇರ್ ಬೀಳುವ ಸುಖವೇ ಬೇರೆ. ಸ್ಟೀರಿಂಗ್ ಪಕ್ಕದ ಆ ಕಡ್ಡಿಯನ್ನು ಕಿತ್ತು ನೆಲಕ್ಕೆ ತರಬೇಡಿ. ಆಕ್ಸಲ್ಲನ್ನೂ ಮುಟ್ಟಬೇಡಿ, ಮೊದಲ ಗೇರಿನಲ್ಲಿ ಎಂಜಿನ್ನಿನ ತಿರುಚುಬಲ ಹದಿನೈದು ಪಟ್ಟಿಗೂ ಹೆಚ್ಚಾಗಿ ಅದರ ಮೇಲೆ ಬೀಳುತ್ತದೆ, ಆದರೂ 50 ಅಶ್ವಶಕ್ತಿಯವರೆಗೆ ಅದು ದೂರು ಹೇಳುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಹಠ ಹಿಡಿಯುತ್ತೇನೆ. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಕಾರು ಇದು. ವೇಗ 60ರಿಂದ 90ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಒಂದೂವರೆಯಲ್ಲ, ಎರಡೂಕಾಲು ಪಟ್ಟು ಆಗುತ್ತದೆ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಹೋಸ್‌ಗಳು, ಲೈನಿಂಗ್ ಎಲ್ಲವೂ ಹೊಸದಾಗಲಿ, ಡ್ರಮ್ಮುಗಳನ್ನು ಲೇತಿನಲ್ಲಿ ದುಂಡಗೆ ಮಾಡಿಸಿ. ಎಂಜಿನ್ ಮೇಲೆ ಲಕ್ಷಗಟ್ಟಲೆ ಸುರಿದು, ಹಳೇ ಹೋಸ್ ಒಡೆದು ಬನಶಂಕರಿಯ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕಾರು ನಿಲ್ಲಿಸಿದ ಸ್ನೇಹಿತನ ಪಕ್ಕದ ಸೀಟಿನಲ್ಲಿ ನಾನಿದ್ದೆ. ಆ ನಡುಕ ಇನ್ನೂ ಕೈಯಲ್ಲಿದೆ.

ತಂಪಿಗೆ ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳವೆಗಳನ್ನು ಸ್ವಚ್ಛ ಮಾಡಿಸಿ, ಥರ್ಮೋಸ್ಟಾಟ್ ತೆಗೆದುಹಾಕಿದ್ದರೆ ಮತ್ತೆ ಹಾಕಿಸಿ. ಸಿಲ್ಕ್ ಬೋರ್ಡಿನಲ್ಲಿ ಇಪ್ಪತ್ತು ನಿಮಿಷ ನಿಂತಾಗ ಬೆಲ್ಟಿನ ಫ್ಯಾನು ನಿಧಾನ ತಿರುಗುತ್ತದೆ, ಅದಕ್ಕೆ ಎಲೆಕ್ಟ್ರಿಕ್ ಫ್ಯಾನ್ ಒಳ್ಳೆಯದು. ಆದರೆ ನಿಮ್ಮ ಕಾರಿನಲ್ಲಿ ಇನ್ನೂ ಡೈನಮೊ ಇದ್ದರೆ, ನಿಂತ ಎಂಜಿನ್ನಿನಲ್ಲಿ ಅದು ಫ್ಯಾನಿಗೆ ಸಾಕಾಗುವಷ್ಟು ಕರೆಂಟ್ ಕೊಡುವುದಿಲ್ಲ, ಬ್ಯಾಟರಿ ಇಳಿಯುತ್ತದೆ. ಮೊದಲು ಆಲ್ಟರ್ನೇಟರ್, ಆಮೇಲೆ ಫ್ಯಾನ್.

ತೂಕವನ್ನೂ ಮರೆಯಬೇಡಿ. ನಮ್ಮ ಬೆಂಗಳೂರಿನಲ್ಲೇ ಸಿಪಾನಿ ಕಂಪನಿ 1982ರಿಂದ ಡಾಲ್ಫಿನ್ ಎಂಬ ಪುಟ್ಟ ಫೈಬರ್ ಕಾರು ಕಟ್ಟಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಎಂಜಿನ್ ಬರೀ 848 ಸಿಸಿ, ಶಕ್ತಿ ಪದ್ಮಿನಿಯ ಆಸುಪಾಸಿನದೇ. ಆದರೂ ಅದು ಅಂದಿನ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತು, ಎಳೆಯಬೇಕಾದ ಭಾರ ಅಷ್ಟು ಕಡಿಮೆಯಿತ್ತು. ನಿಮ್ಮ ಪದ್ಮಿನಿ 900 ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತದೆ. ಡಿಕ್ಕಿಯಲ್ಲಿ ವರ್ಷಗಳಿಂದ ಕೂತಿರುವ ಸಾಮಾನು, ಆಮೇಲೆ ಸೇರಿಸಿದ ಬಂಪರ್ ಗಾರ್ಡು, ಕ್ಯಾರಿಯರ್ ಇವನ್ನೆಲ್ಲ ಇಳಿಸಿ ತೂಗಿ ನೋಡಿ. ಐವತ್ತು ಕಿಲೋ ಇಳಿದರೆ ಎರಡು ಮೂರು ಕುದುರೆ ಹೆಚ್ಚು ಕಟ್ಟಿದಂತೆ.

ಎಂಜಿನ್ ಕೆಳಗಿಳಿಸಿ ಬ್ಲಾಕನ್ನು ಬೋರಿಂಗಿಗೆ ಕಳಿಸುವ ದಿನ ಒಂದು ಕೆಲಸ ನೀವೇ ಮಾಡಿ. ಬ್ಲಾಕಿನ ಮೇಲಿನ ಎಂಜಿನ್ ನಂಬರನ್ನು ಒರೆಸಿ, ಆರ್‌ಸಿ ಪಕ್ಕ ಹಿಡಿದು ಒಂದೊಂದೇ ಅಂಕೆ ಹೊಂದಿಸಿ ನೋಡಿ, ಫೋಟೊ ತೆಗೆದಿಡಿ. ಆಮೇಲೆ ಆ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿ, ಇಲ್ಲಿಗೆ ಗ್ರೈಂಡರ್ ತಾಗಬಾರದು ಎಂದು ಲೇತಿನವರಿಗೆ ಬಾಯಿಬಿಟ್ಟು ಹೇಳಿ ಬನ್ನಿ.